ಒಂದು ಹನಿಯೂ ಸೋರದ ಗೋಡೆ

ಕೋವಿಡ್ ಮುಗಿದ ಮೇಲಿನ ಎರಡನೆಯ ಮಳೆಗಾಲ. ನಾನು ಆಗ ಮೈಸೂರಿನ ಒಂದು ವಾಟರ್‌ಪ್ರೂಫಿಂಗ್ ಕಂಪನಿಯಲ್ಲಿ ಹಿರಿಯ ಸೈಟ್ ಎಂಜಿನಿಯರ್. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಮೂವತ್ತನಾಲ್ಕು ವರ್ಷ ನೀರಿನ ಜೊತೆ ಜಗಳವಾಡಿಯೇ ಹೊಟ್ಟೆ ಹೊರೆದವನು ನಾನು. ನೆಲಮಾಳಿಗೆ, ಲಿಫ್ಟಿನ ಗುಂಡಿ, ನೀರಿನ ಟ್ಯಾಂಕು, ಗುಡ್ಡ ಕಡಿದು ಕಟ್ಟಿದ ಮನೆ, ಎಲ್ಲಿ ಕಾಂಕ್ರೀಟು ಒದ್ದೆಯಾಗಿದೆಯೋ ಅಲ್ಲಿಗೆ ನನ್ನನ್ನು ಕಳಿಸುತ್ತಿದ್ದರು. ನನಗೆ ಎರಡು ಹೆಸರಿತ್ತು. ಒಂದು, ಕೆಲಸ ಗೊತ್ತಿರುವವನು. ಇನ್ನೊಂದು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ಮೊದಲನೆಯದು ಎಷ್ಟು ನಿಜ ಎಂದು ಆ ವರ್ಷ ಗೊತ್ತಾಯಿತು.

ತಾಳವಾಡಿಯಿಂದ ಜೀರಹಳ್ಳಿಯ ಕಡೆಗೆ ಹೋಗಿ, ಅಲ್ಲಿಂದ ಇನ್ನೂ ಮೇಲಕ್ಕೆ ಹತ್ತಿದರೆ ಕಾಡಿನಂಚಿನಲ್ಲಿ ಒಂದು ಸಣ್ಣ ಊರು. ಹೆಸರು ಬೇಡ. ಅಲ್ಲೊಂದು ಬಾಲ್ವಾಡಿ. ನಮ್ಮ ಕಡೆ ಅಂಗನವಾಡಿ ಎನ್ನುವುದನ್ನು ತಮಿಳುನಾಡಿಗೆ ಸೇರಿದ ಆ ಬೆಟ್ಟದಲ್ಲಿ ಕನ್ನಡದವರೂ ಬಾಲ್ವಾಡಿ ಎಂದೇ ಕರೆಯುತ್ತಾರೆ. ಇಪ್ಪತ್ತನಾಲ್ಕು ಅಡಿ ಉದ್ದ, ಹದಿನಾರು ಅಡಿ ಅಗಲದ ಒಂದೇ ಕೋಣೆ. ಗುಡ್ಡವನ್ನು ಕಡಿದು ಸಮತಟ್ಟು ಮಾಡಿ ಕಟ್ಟಿದ್ದರು. ಕಡಿದ ಗುಡ್ಡ ಜಾರದಂತೆ ಕೋಣೆಯ ಹಿಂದೆ ನಾಲ್ಕು ಅಡಿ ಓಣಿ ಬಿಟ್ಟು ಒಂದು ಕಾಂಕ್ರೀಟ್ ತಡೆಗೋಡೆ. ಹದಿನೆಂಟು ಮೀಟರ್ ಉದ್ದ, ಮೂರೂವರೆ ಮೀಟರ್ ಎತ್ತರ. ಗೋಡೆಯ ತಲೆಯ ಮೇಲೆ ಯಾರದೋ ರಾಗಿ ಹೊಲ.

ಕೋಣೆಯ ನೆಲ ಎರಡು ಮಳೆಗಾಲದಿಂದ ಒದ್ದೆ. ಟೀಚರ್ ಕೇತಮ್ಮ ಅದೇ ಊರಿನ ಬೆಟ್ಟದ ಜನರಲ್ಲಿ ಒಬ್ಬರು. ಹತ್ತನೆಯ ತರಗತಿ ಮುಗಿಸಿ, ಹದಿನೈದು ವರ್ಷದಿಂದ ಅಲ್ಲಿನ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದರು. ಮೊದಲ ದಿನವೇ ನನ್ನನ್ನು ಕೋಣೆಯ ಮಧ್ಯೆ ನಿಲ್ಲಿಸಿ ತರಾಟೆಗೆ ತೆಗೆದುಕೊಂಡರು.

"ನೋಡಿ ಸಾ, ಚಾಪೆ ಆಸುದ್ರೆ ಅರ್ಧ ಗಂಟೇಲಿ ನೆಂದೋಯ್ತದೆ. ಮಕ್ಕ ಎಲ್ಲಿ ಮಲಗ್ಬೇಕು? ನಮ್ಮನೆ ಜಗಲಿ ಮ್ಯಾಲೆ ಎರಡು ವರ್ಸ ಪಾಠ ಮಾಡಿವ್ನಿ. ಬೆಳಗಾದ್ರೆ ಆನೆ ಅದೇ ದಾರೀಲಿ ಬತ್ತದೆ. ತಾಯಂದ್ರು ಕಳುಸ್ತಾರಾ? ಮನು ಕೊಟ್ಟು ಕೊಟ್ಟು ಕೈ ಬಿದ್ದೋಯ್ತು."

ಮನು ಎಂದರೆ ಅರ್ಜಿ. ಅವರು ಹಾಗೆ ಕೊಟ್ಟ ಅರ್ಜಿಗಳಲ್ಲಿ ಒಂದು ಯಾವುದೋ ಸೇವಾಸಂಸ್ಥೆಯ ಕೈ ಸೇರಿ, ಆ ಸಂಸ್ಥೆಯವರು ನಮ್ಮ ಕಂಪನಿಗೆ ಕೆಲಸ ಕೊಟ್ಟಿದ್ದರು. ಹಿಂಗಾರು ಮಳೆ ಹಿಡಿಯುವುದರೊಳಗೆ ಹದಿನೇಳು ಮಕ್ಕಳು ಒಣಗಿದ ನೆಲದ ಮೇಲೆ ಮಲಗಬೇಕು. ಕೆಲಸ ಅಷ್ಟೇ. ನನಗೆ ಅದು ಎಡಗೈ ಆಟ ಅನ್ನಿಸಿತು.

ಕಾಯಿಲೆ ಪತ್ತೆ ಹಚ್ಚಲು ಅರ್ಧ ದಿನವೂ ಬೇಕಾಗಲಿಲ್ಲ. ತಡೆಗೋಡೆಯಲ್ಲಿ ಎರಡು ಸಾಲಿನಲ್ಲಿ ಇಪ್ಪತ್ತನಾಲ್ಕು ತೂತುಗಳಿದ್ದವು. ಅಂಗೈ ಅಗಲದ ಪ್ಲಾಸ್ಟಿಕ್ ಪೈಪಿನ ತುಂಡುಗಳು. ಎಂಜಿನಿಯರುಗಳು ಇವನ್ನು ವೀಪ್ ಹೋಲ್ ಎನ್ನುತ್ತೇವೆ, ಅಳುವ ತೂತು. ಗುಡ್ಡ ಕುಡಿದ ಮಳೆನೀರು ಗೋಡೆಯ ಬೆನ್ನಿಗೆ ಬಂದು ನಿಲ್ಲದೆ ಈ ತೂತುಗಳಿಂದ ಈಚೆ ಸುರಿದುಹೋಗಬೇಕು. ನಿಂತರೆ ಗೋಡೆಯನ್ನು ನೂಕುತ್ತದೆ. ಮೂರು ಮೀಟರ್ ನೀರು ನಿಂತರೆ ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ ನಾಲ್ಕೂವರೆ ಟನ್ ತಳ್ಳಾಟ, ಮಣ್ಣಿನ ಭಾರ ಬೇರೆ. ಆ ತೂತುಗಳು ಚೆನ್ನಾಗಿ ಸುರಿಯುತ್ತಿದ್ದವು. ತೊಂದರೆ ಇದ್ದದ್ದು ಕೆಳಗೆ. ಸುರಿದ ನೀರು ಓಣಿಯಿಂದ ಆಚೆ ಹೋಗಲು ಚರಂಡಿ ಇರಲಿಲ್ಲ. ಅಲ್ಲೇ ನಿಂತು, ಏನೂ ಬಳಿಯದ ಕೋಣೆಯ ತಳಪಾಯದೊಳಗೆ ಇಳಿದು, ನೆಲದ ಮೂಲಕ ಮೇಲೆ ಬರುತ್ತಿತ್ತು.

ಮದ್ದೂ ಸರಳ. ಓಣಿಯಲ್ಲಿ ತಳಪಾಯದ ಬುಡದವರೆಗೆ ಅಗೆಯುವುದು, ಕಾಂಕ್ರೀಟನ್ನು ಉಜ್ಜಿ ತೊಳೆಯುವುದು, ಬಿರುಕುಗಳನ್ನು ಮುಚ್ಚುವುದು, ಪಾಲಿಮರ್ ಕೋಟಿಂಗ್ ಎರಡು ಕೈ ಬಳಿಯುವುದು, ಕೊನೆಗೆ ಜಲ್ಲಿ ತುಂಬಿ ತೂತಿನ ಪೈಪು ಹಾಕಿ ನೀರನ್ನು ಇಳಿಜಾರಿಗೆ ಸಾಗಿಸುವುದು. ತಡೆಗೋಡೆಯ ಬಗ್ಗೆ ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆದುಕೊಂಡೆ: ಚೆನ್ನಾಗಿದೆ, ಮುಟ್ಟುವುದು ಬೇಡ. ಆ ಸಾಲನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಮೇಸ್ತ್ರಿ ನಂಜಪ್ಪ ದೊಡ್ಡಗಾಜನೂರಿನವರು. ಐವತ್ತು ದಾಟಿದ ಮನುಷ್ಯ. ಅವರು ಗಾರೆ ಮಾಡಿದ ಗೋಡೆಯ ಮೇಲೆ ಕೈಯಾಡಿಸಿದರೆ ಎಲ್ಲೂ ಏರುಪೇರು ಸಿಕ್ಕುತ್ತಿರಲಿಲ್ಲ. ಮನೆ ಕಟ್ಟುವುದರಲ್ಲಿ ಪಳಗಿದ ಕೈ, ಆದರೆ ಗುಡ್ಡ ಹಿಡಿದು ನಿಲ್ಲುವ ಗೋಡೆಯ ಕೆಲಸ ಅವರಿಗೆ ಹೊಸದು. ಅದನ್ನು ನಾನು ಕೇಳಲೂ ಇಲ್ಲ. ಹನ್ನೊಂದು ದಿನ ಜೊತೆಯಲ್ಲಿದ್ದೆ. ಅಷ್ಟರಲ್ಲಿ ಹಾಸನದ ಒಂದು ಸೈಟಿನಲ್ಲಿ ನೆಲಮಾಳಿಗೆಗೆ ನೀರು ನುಗ್ಗಿತೆಂದು ನನ್ನನ್ನು ಅಲ್ಲಿಗೆ ಓಡಿಸಿದರು. ಉಳಿದ ಒಂದು ವಾರದ ಕೆಲಸ ಫೋನಿನಲ್ಲೇ ನಡೆಯಿತು.

ಆ ಊರಿನಲ್ಲಿ ಫೋನು ಎಲ್ಲ ಕಡೆ ಸಿಗುವುದಿಲ್ಲ. ನೀರಿನ ಟ್ಯಾಂಕಿನ ಪಕ್ಕದ ಬಂಡೆ ಹತ್ತಿದರೆ ಸಿಗ್ನಲ್ಲಿನ ಒಂದು ಗೀಟು ಬರುತ್ತದೆ. ನಂಜಪ್ಪ ಅಲ್ಲಿಂದ ಮಾತಾಡುತ್ತಿದ್ದರು. ಕೋಟಿಂಗ್ ಮುಗಿದಿತ್ತು, ಪೈಪು ಹಾಕಿ ಆಗಿತ್ತು. ನೀರು ಜಿನುಗುತ್ತಿದ್ದರೂ ಮೂರು ನಿಮಿಷದಲ್ಲಿ ಕಲ್ಲಾಗುವ ಒಂದು ಪುಡಿ ಬರುತ್ತದೆ, ವಾಟರ್ ಪ್ಲಗ್ ಎಂದು. ಅದರ ಎರಡು ಡಬ್ಬ ಉಳಿದಿದೆ, ಏನು ಮಾಡಲಿ ಎಂದು ಕೇಳಿದರು. ನನ್ನ ಕಾಲು ಆಗ ಹಾಸನದ ಕೆಸರಿನಲ್ಲಿತ್ತು, ತಲೆ ಕಾದಿತ್ತು. ಕೂಗಿ ಹೇಳಿದೆ:

"ಎಲ್ಲಾ ಬಳಸಿಬಿಡಿ. ಎಲ್ಲೆಲ್ಲಿ ನೀರು ಕಾಣುತ್ತೋ ಮುಚ್ಚಿ. ಒಳಗೆ ಒಂದು ಹನಿ ನೀರೂ ಬರಬಾರದು. ಅರ್ಥ ಆಯ್ತಾ?"

"ಆಯ್ತು ಸಾ," ಎಂದರು. ಲೈನು ಕಡಿದುಹೋಯಿತು.

ಅಕ್ಟೋಬರಿನಲ್ಲಿ ಬೆಟ್ಟದ ಮೇಲೆ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನ ಬಿಸಿಲು ಬಂತು. ಕೆಲಸ ಮುಗಿದ ಸರ್ಟಿಫಿಕೇಟಿಗೆ ಸಹಿ ಹಾಕಬೇಕಿತ್ತು, ಮಳೆಯಲ್ಲಿ ಪರೀಕ್ಷೆಯೂ ಆದಂತಾಯಿತೆಂದು ಹೊರಟೆ. ಮಧ್ಯಾಹ್ನ ಒಂದೂವರೆಗೆ ಊರು ತಲುಪಿದಾಗ ನಂಜಪ್ಪ ರಸ್ತೆಗೇ ಬಂದು ನಿಂತಿದ್ದರು. ಒಗೆದ ಬಿಳಿ ಅಂಗಿ, ಮುಖದ ತುಂಬ ನಗು.

"ಬನ್ನಿ ಸಾ. ಮೂರು ದಿನ ಉಯ್ದದೆ ಮಳೆ. ಗೋಡೆ ನೋಡುದ್ರೆ ನೀವೇ ಬೆಚ್ಚಿ ಬೀಳ್ತೀರಿ."

ಪುಣ್ಯಾತ್ಮ, ಅಕ್ಷರಶಃ ಹಾಗೇ ಆಯಿತು. ಓಣಿಯ ಬಾಯಲ್ಲೇ ನಿಂತುಬಿಟ್ಟೆ. ಮೂರು ದಿನ ಮಳೆ ಕುಡಿದ ಗುಡ್ಡದ ಮುಂದೆ ನಿಂತಿದ್ದ ತಡೆಗೋಡೆ ಬೇಸಿಗೆಯ ಗೋಡೆಯ ಹಾಗೆ ಒಣಗಿತ್ತು. ಇಪ್ಪತ್ತನಾಲ್ಕು ತೂತುಗಳಲ್ಲಿ ಒಂದೂ ಇರಲಿಲ್ಲ. ಅವು ಇದ್ದ ಜಾಗದಲ್ಲಿ ಇಪ್ಪತ್ತನಾಲ್ಕು ದುಂಡನೆಯ ತೇಪೆಗಳು, ನಂಜಪ್ಪನವರ ಕೈಯಿಂದ ನುಣ್ಣಗೆ ಉಜ್ಜಿದವು.

"ಒಂದನಿ ಬತ್ತದಾ ನೋಡಿ ಸಾ," ಎಂದರು ಅವರು, ಹಿಂದಿನಿಂದ.

ಅವರ ಚೀಲದಿಂದ ತೂಗುಗುಂಡನ್ನು ಕಿತ್ತುಕೊಂಡು, ಓಣಿಯ ತುದಿಯಲ್ಲೇ ನಿಂತು ದಾರ ಹಿಡಿದು ಗೋಡೆಯನ್ನು ಓರೆಗಣ್ಣಿನಲ್ಲಿ ನೋಡಿದೆ. ಗೋಡೆಯ ನಡುಭಾಗ ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ವಾಲಿತ್ತು, ಕಡಿಮೆಯೆಂದರೂ ನಾಲ್ಕು ಬೆರಳು. ಪಕ್ಕದ ದಿಣ್ಣೆ ಹತ್ತಿ ಹೊಲಕ್ಕೆ ಹೋದೆ. ಗೋಡೆಯಿಂದ ಎರಡು ಮಾರು ಹಿಂದೆ, ಗೋಡೆಯ ಉದ್ದಕ್ಕೂ ನೆಲ ಸೀಳಿತ್ತು. ಸೀಳಿನೊಳಗೆ ಒಂದು ಮೊಳ ಕೆಳಗೇ ನೀರು ಹೊಳೆಯುತ್ತಿತ್ತು. ಗುಡ್ಡ ಕುಡಿದ ನೀರೆಲ್ಲ ಆ ಗೋಡೆಯ ಬೆನ್ನಿಗೆ ನಿಂತಿದೆ, ಗೋಡೆ ಅದನ್ನು ಇನ್ನು ಎಷ್ಟು ಹೊತ್ತು ಹೊರುತ್ತದೋ ಯಾರಿಗೂ ಗೊತ್ತಿಲ್ಲ.

"ಮಕ್ಕಳೆಲ್ಲಿ?" ಎಂದು ಕೂಗಿದೆ.

"ಒಳಗ ಉಂಡು ಮಲಗವೆ ಸಾ. ಮೆಲ್ಲಗೆ ಮಾತಾಡಿ," ಎಂದರು ನಂಜಪ್ಪ.

ದಿಣ್ಣೆಯಿಂದ ಹೇಗೆ ಇಳಿದೆನೋ ನೆನಪಿಲ್ಲ, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಕೋಣೆಯ ಬಾಗಿಲು ತಳ್ಳಿದೆ. ಹದಿನೇಳು ಮಕ್ಕಳು ಸಾಲಾಗಿ ಮಲಗಿದ್ದರು, ತಲೆ ಹಿಂಬದಿಯ ಗೋಡೆಗೆ. ಎರಡು ವರ್ಷ ಒದ್ದೆಯಿದ್ದ ಆ ಜಾಗ ಈಗ ಕೋಣೆಯಲ್ಲೇ ಅತ್ಯಂತ ಒಣಗಿದ ಜಾಗ, ತಂಪು ಬೇರೆ. ಆ ಗೋಡೆಗೂ ವಾಲಿದ ತಡೆಗೋಡೆಗೂ ನಡುವೆ ನಾಲ್ಕೇ ಅಡಿ. ಕೇತಮ್ಮ ತುಟಿಯ ಮೇಲೆ ಬೆರಳಿಟ್ಟು ಶ್ ಎಂದರು.

"ಎಬ್ಬಿಸಿ! ಎಲ್ಲರನ್ನೂ ಎಬ್ಬಿಸಿ! ಆಚೆ ನಡೀರಿ!" ನನ್ನ ಅರಚಾಟಕ್ಕೆ ಅರ್ಧ ಮಕ್ಕಳು ಬೆಚ್ಚಿ ಎದ್ದು ಅಳತೊಡಗಿದವು.

"ಏನ್ ಸಾ, ಬುದ್ಧಿ ನೆಟ್ಗಿದ್ದದಾ ನಿಮ್ಗ? ಈಗ್ ತಾನೆ ಕಣ್ ಮುಚ್ಚವೆ ಕೂಸುಗಳು..." ಎಂದು ಕೇತಮ್ಮ ರೇಗಿದರು. ಆಮೇಲೆ ನನ್ನ ಮುಖ ನೋಡಿದರು. ಏನು ಕಂಡರೋ, ಕಂಕುಳಿಗೊಂದು ಮಗು ಸಿಕ್ಕಿಸಿಕೊಂಡು, ಎರಡರ ಕೈ ಹಿಡಿದು ಹೊರಗೆ ಓಡಿದರು. ನಾನು, ನಂಜಪ್ಪ, ಅಡುಗೆಯ ಆಯಮ್ಮ ಉಳಿದವರನ್ನು ಹೊತ್ತೆವು. ರಸ್ತೆಯಾಚೆಯ ಹುಣಸೆಮರದ ಕೆಳಗೆ ಕೇತಮ್ಮ ಒಂದೊಂದು ತಲೆಯನ್ನೂ ಮುಟ್ಟಿ ಎಣಿಸಿದರು. ಹದಿನೇಳು. ಮತ್ತೆ ಒಂದರಿಂದ ಶುರುಮಾಡಿ ಎಣಿಸಿದರು.

ಏನಾಗಿದೆ ಎಂದು ನಂಜಪ್ಪನವರಿಗೆ ಅಲ್ಲೇ ಹೇಳಿದೆ. ಹೇಳಿದೆ ಎನ್ನುವುದು ಸುಳ್ಳು. ಬಾಯಿಗೆ ಬಂದಂತೆ ಬೈದೆ. ಅದುವರೆಗೆ ನೀವು ಎನ್ನುತ್ತಿದ್ದವನು ಊರಿನವರ ಮುಂದೆ ಏಕವಚನಕ್ಕೆ ಇಳಿದೆ. ಕರಣೆ ಹಿಡಿಯಲು ಯಾರಯ್ಯ ಕಲಿಸಿದ್ದು ನಿನಗೆ, ಹದಿನೇಳು ಮಕ್ಕಳನ್ನು ಕೊಲ್ಲುತ್ತಿದ್ದೆಯಲ್ಲ ಎಂದೆ. ಆ ಮನುಷ್ಯ ಕಪ್ಪಿಟ್ಟುಹೋದರು. ಹಾರೆ ಎತ್ತಿಕೊಂಡು ನೇರ ಓಣಿಯ ಕಡೆ ನಡೆದರು.

"ಎಲ್ಲಿಗೆ?"

"ಮುಚ್ದೋನು ನಾನು. ನಾನೇ ಬುಡುಸ್ತೀನಿ."

ನಾಲ್ಕು ಅಡಿ ಓಣಿಯಲ್ಲಿ, ವಾಲಿದ ಗೋಡೆಯ ಕೆಳಗೆ ನಿಂತು, ತಲೆಯೆತ್ತರಕ್ಕೆ ಹಾರೆ ಹಾಕುವುದು! ಹಿಂದಿನಿಂದ ಅಂಗಿ ಹಿಡಿದು ಎಳೆದೆ. ಅವರು ಕೊಸರಿದರು. ಒಗೆದ ಬಿಳಿ ಅಂಗಿ ಬೆನ್ನಿನುದ್ದಕ್ಕೂ ಹರಿಯಿತು. ಕೊನೆಗೆ ಕೇತಮ್ಮ ಬಂದು ದಾರಿಗೆ ಅಡ್ಡ ನಿಂತರು.

"ನಂಜಪ್ಪಣ್ಣ, ಸುಮ್ಕಿರು. ನೀ ಸತ್ರೆ ಗೋಡೆ ನೆಟ್ಗಾದದಾ?"

ಬೆನ್ನಿನ ನೀರನ್ನು ಇಳಿಸಲೇಬೇಕಿತ್ತು, ಆದರೆ ಓಣಿಗೆ ಕಾಲಿಡದೆ. ಗೋಡೆಯ ಕೊನೆಯ ಎರಡು ತೂತುಗಳು ಕಟ್ಟಡದಿಂದ ಆಚೆಯ ಬಯಲಿನಲ್ಲಿದ್ದವು, ಗೋಡೆ ಅಲ್ಲಿ ತಗ್ಗುತ್ತ ಬಂದು ಎದೆಯೆತ್ತರ ಮಾತ್ರ ಇತ್ತು. ಹಾರೆಯನ್ನು ಉದ್ದನೆಯ ಬಿದಿರಿಗೆ ಬಿಗಿದು ಕಟ್ಟಿ, ದೂರ ನಿಂತು, ನಾನೂ ನಂಜಪ್ಪನವರೂ ಸೇರಿ ಗುದ್ದಿದೆವು. ಆ ಪುಡಿ ಎಷ್ಟು ಗಟ್ಟಿ ಎಂದು ಊರೂರಿಗೆ ಹೇಳಿಕೊಂಡು ಬಂದವನು ನಾನು. ಹತ್ತು ನಿಮಿಷ ಅದು ಅಲ್ಲಾಡಲಿಲ್ಲ. ಆಮೇಲೆ ಬೆಣೆ ಕಿತ್ತಂತೆ ತೇಪೆ ಸಿಡಿಯಿತು. ಕೆಂಪು ನೀರು ತೋಳುದಪ್ಪಕ್ಕೆ ನುಗ್ಗಿ ಎರಡಾಳು ದೂರ ಬಿತ್ತು. ನೋಡುತ್ತಿದ್ದ ಹೆಂಗಸರು ಅಯ್ಯೋ ಎಂದು ಬಾಯಿ ಮುಚ್ಚಿಕೊಂಡರು. ಆ ಒಣ ಗೋಡೆಯ ಹಿಂದೆ ಅಷ್ಟು ನೀರಿದೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಎರಡನೆಯದನ್ನು ಗುದ್ದುತ್ತಿದ್ದಾಗ ನಡುಭಾಗದಿಂದ ಒಂದು ಸದ್ದು ಕೇಳಿತು. ಒಣಗಿದ ಮರ ಮುರಿದ ಸದ್ದು. ಬಿದಿರು ಬಿಸಾಕಿ ಇಬ್ಬರೂ ಓಡಿದೆವು. ತಿರುಗಿ ನೋಡಿದಾಗ ಗೋಡೆಯ ಆರು ಮೀಟರ್ ತುಂಡು ಬುಡದಲ್ಲಿ ಮುರಿದು, ಅವಸರವೇ ಇಲ್ಲದೆ ಮುಂದಕ್ಕೆ ಬಾಗಿ, ಬಾಲ್ವಾಡಿಯ ಹಿಂಗೋಡೆಯ ಮೇಲೆ ಮಲಗಿತು. ಹಿಂದೆಯೇ ಹೊಲ ಇಳಿಯಿತು, ರಾಗಿ ಪೈರಿನ ಸಮೇತ. ಕಿಟಕಿಯಿಂದ, ಬಾಗಿಲಿನಿಂದ ಕೆಸರು ಹೊರಬಂತು. ಅದರ ಜೊತೆ ಮಕ್ಕಳ ಚಾಪೆಗಳು ಬಂದವು.

ಗಡಿಯಾರ ನೋಡಿದೆ. ಮಕ್ಕಳನ್ನು ಎಬ್ಬಿಸಿ ಇಪ್ಪತ್ತಾರು ನಿಮಿಷವಾಗಿತ್ತು. ದಾರಿಯಲ್ಲಿ ತಾಳವಾಡಿಯಲ್ಲಿ ನಿಲ್ಲಿಸಿ ಊಟ ಮಾಡೋಣ ಎಂದು ಡ್ರೈವರ್ ಕೇಳಿದ್ದ. ಹಸಿವಿಲ್ಲ ನಡಿ ಎಂದಿದ್ದೆ. ಹಸಿವಾಗಿದ್ದರೆ? ಈ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅಲ್ಲೇ ರಸ್ತೆಯ ಮೇಲೆ ಕುಸಿದು ಕೂತೆ.

ಸ್ವಲ್ಪ ಹೊತ್ತಿನ ಮೇಲೆ ನಂಜಪ್ಪ ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. ಕೈಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ತೆಪ್ಪಾಯ್ತು ಸಾ. ಆದ್ರೆ ಒಂದ್ ಮಾತು. ನೀವೇ ಯೋಳುದ್ರಲ್ಲ?"

"ನಾನೇ? ಏನು ಹೇಳಿದೆ?"

"ಒರಗ ಒಂದನಿ ನೀರೂ ಬರ್ಬಾರ್ದು ಅಂದ್ರಿ. ಎಲ್ಲೆಲ್ಲಿ ನೀರು ಕಾಣ್ತದೋ ಮುಚ್ಚು ಅಂದ್ರಿ. ಗೋಡೆಯಿಂದ ಒರಗ ಬತ್ತಿತ್ತಲ್ಲ, ಅದ್ಕೇ ಮುಚ್ಬುಟ್ಟೆ. ಎರಡು ಡಬ್ಬಾನೂ ಅದ್ಕೇ ಆಕ್ಬುಟ್ಟೆ."

ನಾನು ಹಾಗೆ ಹೇಳಲೇ ಇಲ್ಲ ಎಂದು ಮತ್ತೆ ದನಿ ಏರಿಸಿದೆ. ನಾನು ಹೇಳಿದ್ದು ಒಳಗೆ ಬರಬಾರದು ಎಂದು, ಕೋಣೆಯ ಒಳಗೆ! ಅವರು ಒರಗ ಎನ್ನುತ್ತಲೇ ಇದ್ದರು, ನಾನು ಒಳಗೆ ಎನ್ನುತ್ತಲೇ ಇದ್ದೆ. ಇಬ್ಬರನ್ನೂ ನೋಡುತ್ತ ನಿಂತಿದ್ದ ಕೇತಮ್ಮ ನಡುವೆ ಬಂದರು. ಹದಿನೈದು ವರ್ಷ ಆ ಮಕ್ಕಳಿಗೆ ಹಕಾರ ತಿದ್ದಿಸಿ ಸಾಕಾದವರು ಅವರು.

"ಸಾ, ನೀವು 'ಹೊರಗೆ' ಅನ್ನದ್ನ ನಾವು 'ಒರಗ' ಅಂತೀವಿ. ಹ ನಮ್ ಬಾಯಲ್ಲಿಲ್ಲ. ನೀವು ಫೋನಲ್ಲಿ 'ಒಳಗೆ' ಅಂದಿದ್ದೀರಿ. ಆ ಬಂಡೆ ಮ್ಯಾಲೆ ಗಾಳೀಲಿ ಇವ್ರ ಕಿವಿಗ 'ಒರಗೆ' ಅಂತ ಬಿದ್ದದೆ. ಅಷ್ಟೇ ಕಣ್ ಸಾ."

ಅಷ್ಟೇ. ಹಕಾರ ಆಡುವ ಯಾವ ಮೇಸ್ತ್ರಿಗೂ ಆಗದ ತಪ್ಪು. ಹೊರಗೆ ಎಂಬ ಮಾತಿಗೆ ಹಕಾರ ಇರುವ ಕಿವಿ ಒಳಗೆ ಎಂಬುದನ್ನು ಹಾಗೆ ಕೇಳಿಸಿಕೊಳ್ಳುವುದೇ ಇಲ್ಲ. ನಂಜಪ್ಪನವರ ಕಿವಿಗೆ ಎರಡೂ ಮಾತಿನ ನಡುವೆ ಇದ್ದದ್ದು ಒಂದು ರಕಾರ, ಒಂದು ಳಕಾರ. ಅವರು ನನ್ನ ಮಾತನ್ನು ಮೀರಲಿಲ್ಲ. ಕೇಳಿಸಿದ್ದನ್ನು ಚಾಚೂ ತಪ್ಪದೆ, ತಮ್ಮ ಕೈಲಾದಷ್ಟು ಚೆನ್ನಾಗಿ ಮಾಡಿದ್ದರು. ಬೈಗುಳ ತಿಂದ ಮೇಲೂ ಆ ಗೋಡೆಯ ಕೆಳಗೆ ಹೋಗಲು ಹೊರಟಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಸತ್ತುಹೋದೆ.

ಕಂಪನಿಗೆ ವರದಿ ಬರೆಯಬೇಕಿತ್ತು. ಅದರಲ್ಲಿ ಅಪಘಾತದ ಕಾರಣ ಎಂಬ ಒಂದು ಅಂಕಣ. "ನನ್ನೆಸ್ರು ಬರ್ಕೊಳಿ ಸಾ. ನಿಮ್ಗ ಪಿಂಚಣಿ ಗಿಂಚಣಿ ತೊಂದ್ರೆ ಆದಾತು," ಎಂದರು ನಂಜಪ್ಪ, ಹರಿದ ಅಂಗಿಯಲ್ಲೇ. ಮಾತು ಕೇಳಿ ಮೈ ಉರಿಯಿತು, ಉರಿದದ್ದು ನನ್ನ ಮೇಲೆಯೇ. ಆ ಅಂಕಣದಲ್ಲಿ ನನ್ನ ಹೆಸರು ಬರೆದೆ. ತೂತುಗಳು ಏಕಿವೆ ಎಂದು ಮೇಸ್ತ್ರಿಗೆ ವಿವರಿಸಲಿಲ್ಲ, ಮುಖ್ಯ ಸೂಚನೆಯನ್ನು ಫೋನಿನಲ್ಲಿ ಕೊಟ್ಟೆ, ಅವರಿಗೆ ಏನು ಕೇಳಿಸಿತು ಎಂದು ವಿಚಾರಿಸಲಿಲ್ಲ, ಎಂದು ಬರೆದೆ. ಕಂಪನಿ ಒಂದು ನೋಟಿಸು ಕೊಟ್ಟಿತು, ಉತ್ತರ ಕೊಟ್ಟೆ, ಅಲ್ಲಿಗೆ ಮುಗಿಯಿತು. ಬಾಲ್ವಾಡಿಯನ್ನು ಗುಡ್ಡದಿಂದ ದೂರ, ಬಯಲಿನಲ್ಲಿ ಹೊಸದಾಗಿ ಕಟ್ಟಿದರು. ಅದರ ಗಾರೆ ಕೆಲಸ ನಂಜಪ್ಪನವರದೇ. ಅವರಿಗೇ ಕೊಡಬೇಕೆಂದು ಹಟ ಹಿಡಿದವರು ಕೇತಮ್ಮ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಸೈಟಿನಲ್ಲಿ ನಾನು ದಿನಕ್ಕೆ ಹತ್ತು ಸಲವಾದರೂ ಅರ್ಥ ಆಯ್ತಾ ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ಒಂದೇ ಉತ್ತರ ಇರುವುದು, ಆಯ್ತು ಸಾ. ಕೋಪಿಷ್ಠ ಎಂಜಿನಿಯರಿಗೆ ಇಲ್ಲ ಸಾ, ಆಗಲಿಲ್ಲ ಎನ್ನುವ ಮೇಸ್ತ್ರಿ ಇನ್ನೂ ಹುಟ್ಟಿಲ್ಲ. ನಿವೃತ್ತಿಯವರೆಗೂ ಆ ಮಾತನ್ನೇ ಬಿಟ್ಟೆ. ಒಳಗೆ, ಹೊರಗೆ ಎನ್ನುವುದನ್ನೂ ಬಿಟ್ಟೆ. ಮಣ್ಣಿನ ಕಡೆ, ಜನದ ಕಡೆ ಎನ್ನುತ್ತಿದ್ದೆ. ಹೇಳಿ ಮುಗಿಸಿದ ಮೇಲೆ ಗೋಡೆಯ ಮುಂದೆ ನಿಲ್ಲಿಸಿ, ಈಗ ನೀವು ಏನು ಮಾಡುತ್ತೀರಿ ಹೇಳಿ ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ. ಉತ್ತರ ಕೇಳಿ ಎಷ್ಟು ಸಲ ಬೆಚ್ಚಿದ್ದೇನೆಂದು ಲೆಕ್ಕವಿಲ್ಲ.

ಆದರೆ ಅದಕ್ಕಿಂತ ಹಿಂದಿನ ಮೂವತ್ತಮೂರು ವರ್ಷಗಳಿವೆಯಲ್ಲ! ಎಷ್ಟು ಗೋಡೆ, ಎಷ್ಟು ಫೋನು, ಎಷ್ಟು ಆಯ್ತು ಸಾ. ನಿವೃತ್ತನಾದ ಮೇಲೆ ಹಳೆಯ ನೋಟ್‌ಬುಕ್‌ಗಳನ್ನು ತೆಗೆದು, ನಾನು ಕೆಲಸ ಮಾಡಿಸಿದ ತಡೆಗೋಡೆಗಳ ಪಟ್ಟಿ ಮಾಡಿದ್ದೇನೆ. ಜೋರು ಮಳೆ ಹಿಡಿದ ದಿನ ಕೊಡೆ ತೆಗೆದುಕೊಂಡು ಬಸ್ಸು ಹತ್ತುತ್ತೇನೆ. ಮಳೆ ಬಂದರೆ ಜನ ಮನೆ ಸೇರುತ್ತಾರೆ, ಇವರು ಬೀದಿಗೆ ಬೀಳುತ್ತಾರೆ ಎಂದು ಹೆಂಡತಿ ನೆಂಟರ ಮುಂದೆಲ್ಲ ನನ್ನನ್ನು ಆಡಿಕೊಳ್ಳುತ್ತಾಳೆ. ತೂತುಗಳಿಂದ ನೀರು ಧಾರಾಳವಾಗಿ ಸುರಿಯುತ್ತಿದ್ದರೆ ಒಂದು ಕಾಫಿ ಕುಡಿದು ವಾಪಸ್ ಬರುತ್ತೇನೆ. ಇದುವರೆಗೆ ಹನ್ನೊಂದು ಗೋಡೆ ನೋಡಿ ಆಗಿದೆ. ಎರಡು ಒಣಗಿದ್ದವು.